ಗೌಡರ ಬಂದೂಕು ತುಂಬಿದವಳು

ಹೊಳಗುಂದದ ಸೋಮಶೇಖರಪ್ಪ ಗೌಡರಿಗೆ ೧೯೩೬ರಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕಿನ ಲೈಸೆನ್ಸು ಸಿಕ್ಕಿತು. ಕಾಡುಹಂದಿ, ಚಿಗರಿ ಜಿಂಕೆಗಳಿಂದ ಬೆಳೆ ಕಾಯಲು ಎಂದು ಅರ್ಜಿಯಲ್ಲಿ ಬರೆಸಿದ್ದರು. ಬಂದೂಕು ಬಂದಮೇಲೆ ಅವರು ಹೊಲಕ್ಕೆ ಹೋಗುವ ಮೊದಲೇ ಆದವಾನಿ ಪೇಟೆಗೆ ಹೋಗಿ ಅದರ ಜೊತೆ ಫೋಟೋ ತೆಗೆಸಿಕೊಂಡರು. ಕೊರಳಲ್ಲಿ ಲಿಂಗ, ಮಾಂಸ ಮುಟ್ಟದ ಮನೆತನ. ಹೊಡೆದದ್ದನ್ನು ತಿನ್ನುವಂತಿರಲಿಲ್ಲ, ಹೊಡೆಯದೆ ಇರುವುದೂ ಅವರಿಂದ ಆಗುತ್ತಿರಲಿಲ್ಲ.

ಅವರ ಹೊಲ ಕಾಯುತ್ತಿದ್ದವನು ಬೇಟೆಯ ಕುಲದ ಬೋಯರ ಗಾದಿಲಿಂಗಪ್ಪ. ಬಂದೂಕು ತುಂಬುವುದು, ಜಾಡು ಹಿಡಿಯುವುದು, ಗೌಡರ ಗುರಿಯನ್ನು ಹೊಗಳುವುದು, ಮೂರೂ ಅವನದೇ ಕೆಲಸ. ತಾಯಿಯಿಲ್ಲದ ಮಗಳು ಎರ್ರಮ್ಮ ಹತ್ತನೆಯ ವಯಸ್ಸಿನಿಂದ ಅವನ ಬೆನ್ನಿಗೇ ಇದ್ದಳು. ಅವಳು ಬಂದೂಕು ಮುಟ್ಟಲು ಹೋದ ಮೊದಲ ದಿನ ಗಾದಿಲಿಂಗಪ್ಪ ಎರಡು ಬೆರಳಿಲ್ಲದ ತನ್ನ ಎಡಗೈಯನ್ನು ಅವಳ ಮುಖದ ಮುಂದೆ ಹಿಡಿದ.

"ಮದ್ದು ಒಂದು ಚಿಟಿಕಿ ಜಾಸ್ತಿ ಬಿತ್ತು, ಅಷ್ಟ. ಬಂದೂಕಕ್ಕ ಗೌಡ ಯಾರು, ಬೋಯ ಯಾರು ಗೊತ್ತಾಗಂಗಿಲ್ಲ ತಾಯಿ. ಖಾಲಿ ಐತಿ ಅಂತ ಗೊತ್ತಿದ್ರೂ ಅದರ ಬಾಯಿ ಮಂದಿ ಕಡೆ ತಿರುಗಿಸಬ್ಯಾಡ."

ಎರಡು ವರ್ಷ ಅವಳಿಗೆ ಬರೀ ನೆಲ ನೋಡುವುದನ್ನು ಕಲಿಸಿದ. ಹಿಂಗಾಲಿನ ಗೊರಸು ಅಗಲವಾಗಿ ಬಿದ್ದಿದ್ದರೆ ಬಸಿರಿ ಚಿಗರಿ, ಅದರ ಹಿಂದೆ ಹೋಗಬಾರದು. ನೀರಿಗೆ ಬಂದದ್ದನ್ನು ಹೊಡೆಯಬಾರದು. ಪ್ರಾಣಿಯ ಆಚೆ ಏನಿದೆ ಎಂದು ಕಾಣದೆ ಬೆರಳು ಮಡಿಸಬಾರದು. ಗೌಡರಿಗೆ ಇವುಗಳಲ್ಲಿ ಒಂದೂ ಅನ್ವಯಿಸುತ್ತಿರಲಿಲ್ಲ, ಯಾಕೆಂದರೆ ಅವರು ಗೌಡರು.

೧೯೩೯ರ ಬೇಸಿಗೆಯಲ್ಲಿ ಹಗರಿ ಹೊಳೆಯ ಮಡುವಿನಲ್ಲಿ ನೀರು ಕುಡಿಯುತ್ತಿದ್ದ ಚಿಗರಿಯೊಂದಕ್ಕೆ ಗೌಡರು ಗುರಿ ಹಿಡಿದರು. "ಬ್ಯಾಡ್ರಿ ಗೌಡ್ರ, ಬಸಿರಿ ಐತಿ," ಎಂದ ಗಾದಿಲಿಂಗಪ್ಪನ ಮಾತು ಗುಂಡಿನ ಸದ್ದಿನಲ್ಲಿ ಮುಳುಗಿತು. ಹೊಟ್ಟೆಗೆ ಪೆಟ್ಟು ಬಿದ್ದ ಚಿಗರಿ ಜಾಲಿ ಮೆಳೆಗಳ ಕಡೆ ಓಡಿತು.

"ಹೆಂಗೂ ಸಾಯ್ತೈತಿ, ಬಿಡು," ಎಂದು ಗೌಡರು ಗಾಡಿ ಹತ್ತಿದರು. ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಅಪ್ಪ ಮಗಳು ರಕ್ತದ ಹನಿ ಹುಡುಕುತ್ತ ಮಟಮಟ ಮಧ್ಯಾಹ್ನದವರೆಗೆ ನಡೆದರು. ಸಿಕ್ಕಾಗ ಅದಕ್ಕೆ ಇನ್ನೂ ಜೀವವಿತ್ತು. ಗಾದಿಲಿಂಗಪ್ಪ ಚಾಕುವಿನಿಂದ ಮುಗಿಸಿದ. ಹೊಟ್ಟೆ ಸೀಳಿದಾಗ ಒಳಗಿದ್ದ ಮರಿಗೆ ಮೈತುಂಬ ಕೂದಲು ಬಂದಿತ್ತು, ಕಣ್ಣು ಮಾತ್ರ ಮುಚ್ಚಿತ್ತು. ಮಾಂಸವೆಂದರೆ ಹಬ್ಬವೆನ್ನುವ ಮನೆ ಅವರದು, ಆದರೂ ಅದನ್ನು ಒಯ್ಯಲು ಕೈ ಬರಲಿಲ್ಲ. ತಾಯಿ, ಮರಿ ಎರಡನ್ನೂ ಅಲ್ಲೇ ಹೂತರು.

ಆ ವರ್ಷವೇ ಗಾದಿಲಿಂಗಪ್ಪನ ಕಣ್ಣಿಗೆ ಪೊರೆ ಬಂತು. ಬಂದೂಕು ತುಂಬುವ ಕೆಲಸ ಎರ್ರಮ್ಮನ ಪಾಲಿಗೆ ಬಂತು. ಅವಳು ಮದ್ದು ಹಾಕಿದಳು, ಬಟ್ಟೆಯ ಚೂರು ತುರುಕಿ ಗಜದ ಸಲಾಕೆಯಿಂದ ಗಟ್ಟಿಯಾಗಿ ಜಡಿದಳು, ಕಿಡಿ ಹೊತ್ತಿಸುವ ಕೇಪು ಕೂರಿಸಿದಳು. ಗುಂಡು ಮಾತ್ರ ಹಾಕಲಿಲ್ಲ.

ಸದ್ದಿಗೆ, ಹೊಗೆಗೆ ಕೊರತೆಯಿರಲಿಲ್ಲ. ಚಿಗರಿಗಳು ಹಾರಿ ಓಡುತ್ತಿದ್ದವು, ಜೋಳ ಉಳಿಯುತ್ತಿತ್ತು. ಗೌಡರು ಮೊದಲ ವರ್ಷ ಗಾಳಿಯನ್ನು ಬೈದರು, ಎರಡನೆಯ ವರ್ಷ ಮದ್ದು ಕಲಬೆರಕೆ ಎಂದರು, ಮೂರನೆಯ ವರ್ಷ ಯಾರೋ ಮಾಟ ಮಾಡಿಸಿದ್ದಾರೆಂದು ಬಂದೂಕಿಗೊಂದು ತಾಯತ ಕಟ್ಟಿಸಿದರು. "ನೀವು ಹೊಡೀತಾ ಇರ್ರಿ, ಅವು ಮೇಯ್ತಾ ಇರ್ಲಿ. ಇಬ್ರೂ ಸುಖವಾಗಿರ್ರಿ," ಎಂದು ಅವರ ಹೆಂಡತಿ ಅಕ್ಕನಾಗಮ್ಮ ಮಜ್ಜಿಗೆ ಬಡಿಸುತ್ತ ಹೇಳುತ್ತಿದ್ದಳು.

೧೯೪೨ರಲ್ಲಿ ಡೆಪ್ಯುಟಿ ಕಲೆಕ್ಟರರು ಬೇಟೆಗೆ ಬಂದರು. ಗೌಡರು ಇಪ್ಪತ್ತು ಹೆಜ್ಜೆ ದೂರದ ಗಂಡು ಚಿಗರಿಗೆ ಹೊಡೆದರು. ಅದು ಕಿವಿ ಒದರಿ, ಇವರನ್ನೊಮ್ಮೆ ನೋಡಿ, ಆಮೇಲೆ ಓಡಿತು. ಸಾಹೇಬರಿಗೆ ಅನುಮಾನ ಬಂತು. ಎರ್ರಮ್ಮನಿಂದಲೇ ಬಂದೂಕನ್ನು ಮತ್ತೆ ತುಂಬಿಸಿ, ಅಷ್ಟೇ ದೂರದಲ್ಲಿ ಮಡಕೆಯಿಟ್ಟು ತಾವೇ ಹೊಡೆದರು. ಮಡಕೆಗೆ ಒಂದು ತೂತೂ ಬೀಳಲಿಲ್ಲ.

"ಇದರಲ್ಲಿ ಗುಂಡೇ ಇಲ್ಲವಲ್ಲ!"

ಎಲ್ಲರೂ ಎರ್ರಮ್ಮನ ಕಡೆ ತಿರುಗಿದರು. ಅವಳ ಸೊಂಟದಲ್ಲಿ ಗುಂಡಿನ ಚೀಲ ತುಂಬಿಕೊಂಡೇ ನೇತಾಡುತ್ತಿತ್ತು. ಗೌಡರ ಕುತ್ತಿಗೆಯ ನರ ಉಬ್ಬಿತು. ಆದರೆ ಬೋಯರ ಹುಡುಗಿ ಮೂರು ವರ್ಷ ತಮ್ಮನ್ನು ಆಡಿಸಿದಳೆಂದು ಸಾಹೇಬರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಅವರು ಕೆಮ್ಮಿದರು.

"ನಾನಽ ಹಾಕಬ್ಯಾಡ ಅಂದೀನ್ರಿ ಸಾಹೇಬ್ರ. ಲಿಂಗ ಕಟ್ಟಿದ ಮೈ ನಮ್ದು. ಬೆಳಿನೂ ಉಳೀಬೇಕು, ಜೀವನೂ ಉಳೀಬೇಕು."

ಸಾಹೇಬರ ಕಣ್ಣು ತೇವಗೊಂಡಿತು. ಸುದ್ದಿ ಆದವಾನಿಗೆ ಹೋಯಿತು. ಹತ್ತಿಯ ವ್ಯಾಪಾರಿಗಳು ಸಭೆ ಸೇರಿಸಿ, ಅಹಿಂಸೆಯ ಗೌಡರೆಂದು ಹಾರ ಹಾಕಿದರು.

ಹಾರ ಹಿಡಿದು ಮನೆಗೆ ಬಂದ ಸಂಜೆ ಗೌಡರು ಎರ್ರಮ್ಮನನ್ನು ಕರೆಸಿದರು. "ನನ್ನ ಮರ್ಯಾದಿ ತೆಗದ್ಯಲ್ಲೇ! ಯಾಕ ಹಂಗ ಮಾಡಿದಿ?"

ಅವಳು ಜಾಲಿ ಮೆಳೆಯಲ್ಲಿ ಕಂಡದ್ದನ್ನು ಹೇಳಿದಳು. ಗೌಡರು ಕೈಯಲ್ಲಿದ್ದ ಹಾರವನ್ನು ಗೂಟಕ್ಕೆ ತೂಗುಹಾಕಿದರು.

"ಅವತ್ತಽ ಯಾಕ ಹೇಳಲಿಲ್ಲ?"

"ನೀವು ಊಟಕ್ಕ ಹೋಗಿದ್ರಿ."

ಆಮೇಲೆ ಗೌಡರು ಬೇಟೆಗೆ ಹೋಗಲಿಲ್ಲ. ಹಾರ ಹಾಕಿಸಿಕೊಂಡ ಮೇಲೆ ಹೋಗುವುದು ಸಾಧ್ಯವೂ ಇರಲಿಲ್ಲ. ಬದಲಿಗೆ ಮದುವೆ ಮನೆಗಳಲ್ಲಿ ಜೀವದಯೆಯ ಮೇಲೆ ಮಾತಾಡತೊಡಗಿದರು. ಅದನ್ನು ಕೇಳಿದವರಲ್ಲಿ ಕೆಲವರಿಗೆ ಬಂದೂಕಿನ ಕಾಲವೇ ವಾಸಿ ಅನ್ನಿಸಿತು. ಲೈಸೆನ್ಸು ಅವರ ಹೆಸರಿನಲ್ಲಿ, ಬಂದೂಕು ಎರ್ರಮ್ಮನ ಕೈಯಲ್ಲಿ ಉಳಿಯಿತು. ಹಂದಿಗಳು ಶೇಂಗಾ ಹೊಲ ಬಗೆದ ವರ್ಷ ಅವಳು ಗುಂಡು ಹಾಕಿಯೇ ಒಂದೋ ಎರಡೋ ಹೊಡೆದು ಕೇರಿಗೆಲ್ಲ ಹಂಚುತ್ತಿದ್ದಳು. ಪ್ರತಿ ಸಲವೂ ಬೆರಳು ಮಡಿಸುವ ಮೊದಲು ಹಂದಿಯ ಆಚೆ ಏನಿದೆ ಎಂದು ನೋಡುತ್ತಿದ್ದಳು. ಹಂದಿ ಏನಾಯಿತೆಂದು ಅಹಿಂಸೆಯ ಗೌಡರು ಎಂದೂ ಕೇಳಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಕೌತಾಳಂನಿಂದ ಗೌಡರ ಹೊಸ ಅಳಿಯ ಚಂದ್ರಣ್ಣ ಬೇಟೆ ಕಲಿಯುತ್ತೇನೆಂದು ಬೂಟು ಹಾಕಿಕೊಂಡು ಬಂದ. ಎರ್ರಮ್ಮ ಅವನಿಗೆ ಒಂದು ತಿಂಗಳು ನೆಲದ ಹೆಜ್ಜೆಗಳನ್ನು ತೋರಿಸಿದಳು, ಇನ್ನೊಂದು ತಿಂಗಳು ಬಂದೂಕಿನ ನಳಿಗೆ ಒರೆಸಲು ಹಚ್ಚಿದಳು. ಮೂರನೆಯ ತಿಂಗಳು ಆತ ಒಂದು ಗುಂಡೂ ಹಾರಿಸದೆ ಬೇಸತ್ತು, ಬೇಟೆಯ ಆಸೆ ಬಿಟ್ಟು ಗ್ರಾಮಫೋನು ಕೊಂಡುಕೊಂಡ.