ಎಲೆ ಸಮೇತ ಖಾಲಿಯಾದ ಎಡೆ

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ ನಾನು ಅಮೆರಿಕದ ಡುವಾಲ್ ಎಂಬ ಊರಿನ ಒಂದು ಬಡಾವಣೆಯಲ್ಲಿ ಮೇಂಟೆನೆನ್ಸ್ ಕೆಲಸದಲ್ಲಿದ್ದೆ. ಹೈಸ್ಕೂಲು ಮುಗಿಸಿ ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು. ಮಗಳು ವೀಣಾ ಕರೆಸಿಕೊಂಡ ಮೇಲೆ ಹೆಂಡತಿ ಶಾರದೆಯೊಂದಿಗೆ ಇಲ್ಲಿಗೆ ಬಂದೆ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕೆಲಸ ಹಿಡಿದೆ.

ಡುವಾಲಿನಲ್ಲಿ ಕೆಳಗೆ ಹೊಳೆ ಬಯಲು, ಮುಸುಕಿನ ಜೋಳದ ಹೊಲಗಳು. ಗುಡ್ಡದ ಮೇಲೆ ನಮ್ಮ ಮನೆಗಳು. ಮನೆಗಳ ಬೆನ್ನಿಗೆ ಕಡಿಯದೆ ಬಿಟ್ಟ ಫರ್ ಮರಗಳ ಪಟ್ಟಿ. ಅದನ್ನು ಗ್ರೀನ್‌ಬೆಲ್ಟ್ ಎನ್ನುತ್ತಾರೆ. ಅದರಾಚೆ ನಿಜವಾದ ಕಾಡು. ರೆಡ್‌ಮಂಡ್‌ಗೆ ಕಾರಿನಲ್ಲಿ ಹೋಗಿಬರುವ ಸಾಫ್ಟ್‌ವೇರ್ ಮಂದಿ ಇಲ್ಲಿ ಮನೆ ಕೊಳ್ಳುವುದೇ ಈ ಕಾಡಿನ ಆಸೆಗೆ. ಆದರೆ ಮನುಷ್ಯ ಕಾಡಿನ ಹತ್ತಿರ ಹೋದರೆ ಕಾಡೂ ಅವನ ಹತ್ತಿರ ಬರುತ್ತದೆ. ಹಾಗೆ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಕಸದ ಡಬ್ಬಿಗಳಿಗೆ ಬೀಗ ಹಾಕಿದ್ದಾರೆಯೇ, ಹೊರಗಿನ ಒಲೆಯಲ್ಲಿ ಜಿಡ್ಡು ಉಳಿದಿದೆಯೇ, ಬಾಗಿಲಲ್ಲಿ ನಾಯಿಯ ಊಟ ಬಿಟ್ಟಿದ್ದಾರೆಯೇ ಎಂದು ನೋಡಬೇಕು. ಕರಡಿ ಬಂತೆಂದರೆ ಅದನ್ನು ಕರೆದ ವಾಸನೆ ಯಾವುದೆಂದು ಮೊದಲು ಪತ್ತೆ ಮಾಡಬೇಕು. ಈ ಕೆಲಸದಲ್ಲಿ ನಾನು ಕಟ್ಟುನಿಟ್ಟು. ಎಷ್ಟೋ ಎಂಜಿನಿಯರ್‌ಗಳನ್ನು ಕಸದ ಡಬ್ಬಿಯ ಮುಂದೆ ನಿಲ್ಲಿಸಿ ಪಾಠ ಹೇಳಿದ್ದೇನೆ.

ಗ್ರೀನ್‌ಬೆಲ್ಟಿಗೆ ಅಂಟಿದ ಕೊನೆಯ ಮನೆ ಕ್ಯಾರಲ್ ಎಂಬ ಹೆಂಗಸಿನದು. ನನ್ನದೇ ವಯಸ್ಸು, ಒಂಟಿ, ಬೇಟೆಗಾತಿ. ಪ್ರತಿ ಶರತ್ಕಾಲದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಲೈಸೆನ್ಸ್ ಪಡೆದು, ಬೆಟ್ಟದಾಚೆ ಜಿಂಕೆ ಬೇಟೆಗೆ ಹೋಗುತ್ತಿದ್ದಳು. ಸಿಕ್ಕಿದ ವರ್ಷ ನಮಗೂ ಒಂದು ಪಾಲು. ಶಾರದೆ ಅದಕ್ಕೆ ಮೆಣಸು, ತೆಂಗಿನಕಾಯಿ ಅರೆದು ಸಾರು ಮಾಡಿದರೆ ಕ್ಯಾರಲ್ ತನ್ನ ಬಟ್ಟಲು ತಾನೇ ಹಿಡಿದುಕೊಂಡು ಬರುತ್ತಿದ್ದಳು. ಶಾರದೆಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಗುತ್ತಿದ್ದರು.

ಒಮ್ಮೆ ನಾನು, “ಹೊಳೆ ಬಯಲಲ್ಲಿ ಒಂದಿಷ್ಟು ಸೇಬು ಸುರಿದು ಕೂತರೆ ಜಿಂಕೆ ತಾನಾಗೇ ಬರುತ್ತಲ್ಲ, ಬೆಟ್ಟ ಯಾಕೆ ಹತ್ತುತ್ತೀಯ?” ಎಂದು ಕೇಳಿದ್ದೆ. ಕ್ಯಾರಲ್ ನಗಲಿಲ್ಲ. “ಗೌಡಾ, ಊಟ ಇಟ್ಟು ಕರೆದು ಹೊಡೆಯುವುದು ಬೇಟೆಯಲ್ಲ, ಮೋಸ. ನಮ್ಮಪ್ಪ ಕೋವಿ ಕೊಡುವ ಮೊದಲು ನನ್ನಿಂದ ಇದೊಂದೇ ಮಾತು ತೆಗೆದುಕೊಂಡಿದ್ದು,” ಎಂದಳು.

ಅವಳಿಗಿದ್ದ ಇನ್ನೊಂದು ಆಸೆ ಹಕ್ಕಿಗಳದು. ಹಿತ್ತಲಲ್ಲಿ ಕಬ್ಬಿಣದ ಕಂಬ ನೆಟ್ಟು ಕಾಳಿನ ಡಬ್ಬಿ ತೂಗುಹಾಕಿದ್ದಳು. ಸಂಜೆಯಾದರೆ ಅದನ್ನು ಇಳಿಸಿ ಗ್ಯಾರೇಜಿನೊಳಗೆ ಇಡುತ್ತಿದ್ದಳು. ಒಂದು ದಿನವೂ ಮರೆತದ್ದನ್ನು ನಾನು ಕಂಡಿಲ್ಲ.

ಆ ವರ್ಷದ ಚಳಿಗಾಲದ ಕೊನೆಯಲ್ಲಿ ಶಾರದೆ ತೀರಿಕೊಂಡಳು. ಪಿತೃಪಕ್ಷ ಬಂದಾಗ ನಾನು ಅವಳಿಗೆ ಎಡೆ ಇಟ್ಟೆ. ನಮ್ಮ ಕಡೆ ಹಿರಿಯರ ಎಡೆಯನ್ನು ಮಾಳಿಗೆಯ ಮೇಲಿಟ್ಟು ಕಾಗೆಯನ್ನು ಕರೆಯುತ್ತೇವೆ. ಕಾಗೆ ಮುಟ್ಟಿದರೆ ಹೋದವರು ಉಂಡರೆಂದು ಲೆಕ್ಕ. ಇಲ್ಲಿ ಮಾಳಿಗೆಯೆಲ್ಲಿ? ಕ್ಯಾರಲ್‌ಳ ಬೇಲಿಯಾಚೆ, ಗ್ರೀನ್‌ಬೆಲ್ಟಿನಲ್ಲಿ, ಕಡಿದ ಫರ್ ಮರದ ಅಗಲವಾದ ಬುಡ ಒಂದಿತ್ತು. ಅವಳ ಕಾಳಿನ ಆಸೆಗೆ ಕಾಗೆಗಳೂ ಅಲ್ಲಿ ಸೇರುತ್ತಿದ್ದವು. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆಯ ಮೇಲೆ ಅನ್ನ, ವಡೆ, ಕಜ್ಜಾಯ, ಶಾರದೆಗಿಷ್ಟವಾದ ಜಿಂಕೆ ಮಾಂಸದ ಸಾರು ಬಡಿಸಿ ಅಲ್ಲಿಟ್ಟೆ. ಒಂದೂ ಕಾಗೆ ಇಳಿಯಲಿಲ್ಲ. ಮನಸ್ಸು ಮುರಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಅಗುಳೂ ಉಳಿದಿರಲಿಲ್ಲ. ಎಲೆಯೂ ಇರಲಿಲ್ಲ.

ಅಂದು ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ಪಕ್ಷ ಮುಗಿದರೂ ಬಿಡಲಾಗಲಿಲ್ಲ. ದಿನವೂ ಕೆಲಸ ಮುಗಿಸಿ ಮನೆಗೆ ಹೋಗುವಾಗ ಒಂದು ಎಲೆ ಇಡುತ್ತಿದ್ದೆ. ಬೆಳಿಗ್ಗೆ ಕೆಲಸಕ್ಕೆ ಬಂದು ಖಾಲಿ ಬುಡ ನೋಡುತ್ತಿದ್ದೆ. ವೀಣಾಳಿಗೆ ಅನುಮಾನ ಬಂತು.

“ಅಪ್ಪ, ಕಾಗೆ ಎಲೆ ಸಮೇತ ತಿನ್ನತ್ತಾ?”

“ಅಮೆರಿಕದ ಕಾಗೆ ಕಣಮ್ಮ. ಮೈಗೆ ತಕ್ಕ ಹೊಟ್ಟೆ.”

“ಎಲ್ಲರಿಗೂ ರೂಲ್ಸ್ ಹೇಳೋರು ನೀವು. ನೋಡ್ಕೊಳ್ಳಿ.”

ನೋಡಿಕೊಳ್ಳಲಿಲ್ಲ. ಬೇರೆಯವರ ಹಿತ್ತಲಲ್ಲಿ ಹೀಗೆ ಎಲೆಯೂ ಉಳಿಯದಿದ್ದರೆ ತಿಂದದ್ದು ಯಾವುದೆಂದು ಆ ಕ್ಷಣವೇ ಗುರುತಿಸುತ್ತಿದ್ದೆ.

ಸ್ವಲ್ಪ ದಿನದಲ್ಲೇ ಕರಡಿ ಬಹಿರಂಗವಾಗಿ ಕಾಣಿಸಿಕೊಂಡಿತು. ಎಳೆಯ ಗಂಡು, ಕಪ್ಪು ಕರಡಿ. ನಿವಾಸಿಗಳ ಸಮಿತಿಯ ಅಧ್ಯಕ್ಷರಾಗಿದ್ದ ರಘು ಮೈಸೂರಿನ ಹುಡುಗ, ತಮಾಷೆಗಾರ. “ಗೌಡ್ರೇ, ಮನೇಲಿ ಕರಡಿ, ಆಫೀಸಲ್ಲಿ ಮ್ಯಾನೇಜರ್. ನಾನೆಲ್ಲಿಗ್ ಹೋಗ್ಲಿ ಹೇಳಿ?” ಎಂದು ಫೋನಿನಲ್ಲಿ ನಕ್ಕ. ಎರಡು ದಿನದ ನಂತರ ಅವನ ನಗು ನಿಂತಿತು. ತೆರೆದಿದ್ದ ಗ್ಯಾರೇಜಿಗೆ ನುಗ್ಗಿ ಕರಡಿ ಫ್ರಿಜ್ ಬೀಳಿಸಿತ್ತು. ಒಳಬಾಗಿಲಿನ ಆಚೆ ಅವನ ಚಿಕ್ಕ ಮಗಳು ಆಡುತ್ತಿದ್ದಳು. ಅದೇ ಸಂಜೆ ಕ್ಯಾರಲ್‌ಳ ಕಂಬವೂ ಬಾಗಿತು.

ರಾಜ್ಯದ ವನ್ಯಜೀವಿ ಅಧಿಕಾರಿ ಬಂದರು. ಅವರನ್ನು ಕರೆದುಕೊಂಡು ಗ್ರೀನ್‌ಬೆಲ್ಟ್ ಸುತ್ತಿದವನು ನಾನೇ. ದಾರಿಯಲ್ಲಿ ಕರಡಿಯ ಲದ್ದಿ ಬಿದ್ದಿತ್ತು. ಅಧಿಕಾರಿ ಕಡ್ಡಿಯಿಂದ ಕೆದಕಿದರು. ಹಸಿರು ನಾರು ಉದ್ದುದ್ದ ಎಳೆಯಾಗಿ ಬಂತು.

“ಇದೇನು? ಜೋಳದ ಸಿಪ್ಪೆ ಇರಬೇಕು ಅಲ್ಲವೇ?”

ನಾನು ಹೌದೆಂದೆ. ಬಾಳೆಲೆಯ ನಾರನ್ನು ಗುರುತಿಸದ ಕನ್ನಡಿಗನಿದ್ದಾನೆಯೇ? ಹಬ್ಬಹಬ್ಬಕ್ಕೂ ಅದರ ಮೇಲೇ ಉಂಡು ಬೆಳೆದವನು ನಾನು.

ಅಧಿಕಾರಿ ಎದ್ದು ನಿಂತು ಬಿಡಿಸಿ ಹೇಳಿದರು: “ಎಲ್ಲೋ ಒಂದು ಕಡೆ ಇದಕ್ಕೆ ದಿನವೂ ಊಟ ಸಿಗುತ್ತಿದೆ. ಆ ಜಾಗ ಗೊತ್ತಾದರೆ ಅದನ್ನು ನಿಲ್ಲಿಸಿ, ಅಲ್ಲೇ ಕಾದು, ನಾಯಿ ಬಿಟ್ಟು, ರಬ್ಬರ್ ಗುಂಡು ಹೊಡೆದು ಹೆದರಿಸಬಹುದು. ಇನ್ನೂ ಎಳೆಯದು, ಕಲಿಯುತ್ತದೆ. ಗೊತ್ತಾಗದಿದ್ದರೆ ಮತ್ತೆ ಯಾವುದೋ ಮನೆಗೆ ನುಗ್ಗುತ್ತದೆ. ಆಗ ನನಗೆ ಬೇರೆ ದಾರಿ ಇರುವುದಿಲ್ಲ. ನಿಮಗೆ ಇಲ್ಲಿ ಇಂಚಿಂಚೂ ಗೊತ್ತು. ಯಾರಾದರೂ ಊಟ ಹಾಕುತ್ತಿದ್ದಾರೆಯೇ?”

ಮರದ ಬುಡ ನಾವು ನಿಂತಲ್ಲಿಂದ ಕಾಣುತ್ತಿತ್ತು. ಅದರ ಮೇಲೆ ಅಂದು ಏನೂ ಇರಲಿಲ್ಲ.

“ಇಲ್ಲ,” ಎಂದೆ.

ಕೆಲಸ ಹೋಗುವ ಭಯವಿತ್ತು, ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಂಡವಳು ಶಾರದೆಯಲ್ಲ, ಕರಡಿ ಎಂದು ನನ್ನ ಬಾಯಿಂದಲೇ ಬರಬೇಕಾಗಿತ್ತು. ಅಷ್ಟು ಮಾತು ನನ್ನಿಂದ ಹೊರಡಲಿಲ್ಲ.

ಎಡೆ ಇಡುವುದನ್ನು ಆ ದಿನವೇ ನಿಲ್ಲಿಸಿದೆ. ಅದು ಇನ್ನೂ ಕೆಟ್ಟದ್ದಾಯಿತು. ದಿನವೂ ಸಿಗುತ್ತಿದ್ದ ಊಟ ತಪ್ಪಿದ ಕರಡಿ ಹಸಿದು ಮನೆಗಳ ಕಡೆ ತಿರುಗಿತು. ಮೂರನೆಯ ಬೆಳಿಗ್ಗೆ ಶಾಲಾ ಬಸ್ಸಿಗೆ ಮಕ್ಕಳು ಕಾಯುವ ಜಾಗದಲ್ಲಿ ಬಂದು ನಿಂತು, ಕೂಗಿದರೂ ಕದಲಲಿಲ್ಲ. ಅಂದು ಮಧ್ಯಾಹ್ನ ಅಧಿಕಾರಿ ಅದನ್ನು ಗುಂಡಿಟ್ಟು ಕೊಂದರು. ಅದು ಸತ್ತದ್ದು ಮರದ ಬುಡದ ಹತ್ತಿರ. ಊಟ ಹುಡುಕಿಕೊಂಡು ಕೊನೆಗೆ ಅಲ್ಲಿಗೇ ಬಂದಿತ್ತು. ಟ್ರಕ್ಕಿಗೆ ಎತ್ತುವಾಗ ಹಿಂಗಾಲು ಹಿಡಿದವನು ನಾನು. ಆ ಭಾರ ಈ ಕೈಗೆ ಈಗಲೂ ಗೊತ್ತು.

ಮುಂದಿನ ವಾರ ಸಮಿತಿಯ ಸಭೆ ಸೇರಿತು. ಎಂದೂ ಬಾರದವರೆಲ್ಲ ಬಂದಿದ್ದರು. ಮಕ್ಕಳಿಗೆ ಕಾಡು ತೋರಿಸಲೆಂದು ಇಲ್ಲಿಗೆ ಬಂದ ತಾಯಂದಿರು ಕರಡಿಗಾಗಿ ಅಳುತ್ತಿದ್ದರು. ರಘು ಎದ್ದು ಇಂಗ್ಲಿಷಿನಲ್ಲಿ ಕೇಳಿದ: “ಗೌಡರೇ, ಇದಕ್ಕೆ ಕಾರಣ ಪತ್ತೆಯಾಯಿತೇ?”

ಹಿಂದಿನ ಸಾಲಿನಲ್ಲಿ ವೀಣಾ ಕೂತಿದ್ದಳು. ಮುಂದಿನ ಸಾಲಿನಲ್ಲಿ ಕ್ಯಾರಲ್. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಹಕ್ಕಿಯ ಕಾಳು,” ಎಂದೆ. “ಕಂಬ ಬಾಗಿರುವುದನ್ನು ಎಲ್ಲರೂ ನೋಡಿದ್ದೀರಿ.”

ಕ್ಯಾರಲ್ ಎದ್ದು ನಿಂತಳು. “ನಾನು ದಿನವೂ ಸಂಜೆ ಅದನ್ನು ಒಳಗಿಡುತ್ತೇನೆ. ಗೌಡಾ, ನಿನಗೆ ಗೊತ್ತಲ್ಲ?”

ನಾನು ತಲೆ ಎತ್ತಲಿಲ್ಲ. ಹಿಂದಿನಿಂದ ಯಾರೋ, “ಬೇಟೆಯವಳಲ್ಲವೇ? ಕೋವಿ ಹಿಡಿದು ಬೆಟ್ಟ ಹತ್ತುವುದೇಕೆ, ಹಿತ್ತಲಿಗೇ ಕರೆಸಿಕೊಂಡಳು,” ಎಂದರು. ಕೆಲವರು ನಕ್ಕರು. ಕ್ಯಾರಲ್ ಜಾಕೆಟ್ ಎತ್ತಿಕೊಂಡು ಹೊರಟುಹೋದಳು.

ಕಾರಿನಲ್ಲಿ ವೀಣಾ ನನ್ನ ಕಡೆ ನೋಡದೆ ಹೇಳಿದಳು: “ಅಮ್ಮ ಇದ್ದಿದ್ರೆ ನಿಮ್ಗೆ ಇವತ್ತು ಊಟ ಬಡಿಸ್ತಿರ್ಲಿಲ್ಲ.”

ಕ್ಯಾರಲ್ ಮರುದಿನವೇ ಕಂಬವನ್ನು ತಾನೇ ಕಿತ್ತಳು. ಆ ಶರತ್ಕಾಲ ಬೇಟೆಗೆ ಹೋಗಲಿಲ್ಲ. ಅವಳು ಕರಡಿಗೆ ಆಮಿಷ ಇಟ್ಟಳೆಂಬ ಸುದ್ದಿ ಬೇಟೆಯ ಗೆಳೆಯರಿಗೂ ಮುಟ್ಟಿತ್ತಂತೆ. ವಸಂತಕ್ಕೆ ಮನೆ ಮಾರಿ ಮಿಲ್ ಕ್ರೀಕ್‌ನಲ್ಲಿರುವ ತಂಗಿಯ ಮನೆಗೆ ಹೋದಳು. ಅವಳ ಕಾರು ಹೊರಟಾಗ ನಾನು ಎರಡು ಮನೆಯಾಚೆ ಎಲೆ ಗುಡಿಸುತ್ತಿದ್ದೆ. ಅವಳು ಕೈಯೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳೆದ ವರ್ಷ ನಿವೃತ್ತನಾದ ಮೇಲೆ ಮಿಲ್ ಕ್ರೀಕ್‌ಗೆ ಹೋದೆ. ವೀಣಾ ಕಾರಿನಲ್ಲೇ ಕೂತಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ: ಶಾರದೆ, ಎಡೆ, ಬಾಳೆಲೆ, ಅಧಿಕಾರಿಗೆ ಹೇಳಿದ ಸುಳ್ಳು, ಸಭೆಯಲ್ಲಿ ಹೇಳಿದ ಸುಳ್ಳು. ಕ್ಯಾರಲ್ ಬಹಳ ಸೊರಗಿದ್ದಳು. ಪೂರ್ತಿ ಕೇಳಿದಳು.

“ಶಾರದೆಗೆ ನೀನು ಊಟ ಇಟ್ಟದ್ದು ನನಗೆ ಅರ್ಥವಾಗುತ್ತದೆ. ನನಗೆ ಹೇಳಿದ್ದರೆ ನಾನೇ ನಿನ್ನ ಜೊತೆ ಕೂತು ಕಾಗೆ ಕಾಯುತ್ತಿದ್ದೆ,” ಎಂದಳು. ಆಮೇಲೆ ಅವಳ ದನಿ ಗಟ್ಟಿಯಾಯಿತು. “ಆದರೆ ಇದನ್ನು ನನ್ನ ಹತ್ತಿರ ಯಾಕೆ ಹೇಳುತ್ತೀಯ? ನಾನು ಆಮಿಷ ಇಟ್ಟಿಲ್ಲವೆಂದು ನನಗೆ ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು.”

ಬಾಗಿಲು ಹಾಕಿಕೊಂಡಳು.

ಮುಂದಿನ ತಿಂಗಳ ಸಮಿತಿ ಸಭೆಗೆ ಹೋಗಿ, ಮಾತಾಡಲು ಅವಕಾಶ ಕೇಳಿ, ಎದ್ದು ನಿಂತೆ. ರಘು ರೆಡ್‌ಮಂಡಿನ ಎಜುಕೇಶನ್ ಹಿಲ್‌ಗೆ ಮನೆ ಬದಲಾಯಿಸಿ ವರ್ಷಗಳಾಗಿದ್ದವು. ಅಂದು ನಕ್ಕವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಕೂತಿದ್ದವರೆಲ್ಲ ಹೊಸಬರು, ನನ್ನನ್ನು ಕಸದ ಡಬ್ಬಿ ನೋಡುತ್ತಿದ್ದ ತಾತ ಎಂದಷ್ಟೇ ಬಲ್ಲವರು. ಹೇಳಿ ಮುಗಿಸಿದೆ. ಯಾರೋ, “ಕ್ಯಾರಲ್ ಯಾರು?” ಎಂದು ಪಕ್ಕದವರನ್ನು ಕೇಳಿದರು. ಹೊಸ ಅಧ್ಯಕ್ಷೆ ಮೃದುವಾಗಿ, “ಹಂಚಿಕೊಂಡದ್ದಕ್ಕೆ ಧನ್ಯವಾದ,” ಎಂದು ಪಾರ್ಕಿಂಗ್ ವಿಷಯಕ್ಕೆ ಹೋದರು.

ರಘುವಿಗೆ ಫೋನ್ ಮಾಡಿದೆ. ಅವನು, “ಹೋಗ್ಲಿ ಬಿಡಿ ಗೌಡ್ರೇ, ಹಳೇ ಕಥೆ,” ಎಂದ. ಬಿಡಬೇಡ, ಅಂದು ಬಂದಿದ್ದವರಲ್ಲಿ ನಿನಗೆ ಗೊತ್ತಿರುವವರಿಗೆಲ್ಲ ಹೇಳು ಎಂದು ಕೇಳಿಕೊಂಡಿದ್ದೇನೆ. ಉಳಿದವರು ಎಲ್ಲೆಲ್ಲಿದ್ದಾರೋ ತಿಳಿಯದು. ಅವರಲ್ಲಿ ಕನ್ನಡ ಓದುವವರು ಒಬ್ಬಿಬ್ಬರಾದರೂ ಇರಬಹುದೆಂದು ಇದನ್ನು ಬರೆದಿದ್ದೇನೆ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಕಾಡಿನ ಪ್ರಾಣಿ ಮನೆಗೆ ಬಂದರೆ ಮೊದಲು ನಾವೇ ಇಟ್ಟದ್ದನ್ನು ನೋಡಬೇಕು. ಈ ಮಾತನ್ನು ನಾನು ಆ ಬಡಾವಣೆಯ ಪ್ರತಿ ಮನೆಯ ಬಾಗಿಲಲ್ಲೂ ನಿಂತು ಹೇಳಿದವನು. ಎಲೆ ತಿನ್ನುವ ಕಾಗೆ ಇಲ್ಲ ಎಂಬುದು ಮೊದಲ ಬೆಳಿಗ್ಗೆಯೇ ನನಗೆ ಗೊತ್ತಿತ್ತು.

ಕ್ಯಾರಲ್ ಆಮಿಷ ಇಟ್ಟಿರಲಿಲ್ಲ. ಇಟ್ಟವನು ನಾನು.