ಉಗಿಜಿಪುಣನ ಕಾಲು ಭಾಗ

ನಮ್ಮ ದೊಡ್ಡಪ್ಪನನ್ನು ಮಿಲ್ಲಿನಲ್ಲಿ ಎಲ್ಲರೂ ಉಗಿಜಿಪುಣ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನಿಗೆ ಉಗಿ ಅಂದರೆ ತನ್ನ ಬೆವರೇ. ಎಲ್ಲೋ ಒಂದು ಕೊಳವೆಯ ಸಂದಿಯಲ್ಲಿ ಸುಯ್ ಎಂದು ಉಗಿ ಹೋಗುತ್ತಿದ್ದರೆ ಉಣ್ಣುತ್ತಿದ್ದ ಕೈ ತೊಳೆದು ಎದ್ದು ಹೋಗಿ ಬಿಗಿಮಾಡಿ ಬರುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಒಲೆಯ ಮೇಲೆ ಪಾತ್ರೆ ಕುದಿಯುವಾಗ ಮುಚ್ಚಳ ಒತ್ತಿ ಹಿಡಿದು ನಿಲ್ಲುತ್ತಿದ್ದ. “ಉಕ್ಕುತ್ತೆ, ಬಿಡ್ರೀ” ಎಂದು ದೊಡ್ಡಮ್ಮ ಗದರಿದರೆ “ಉಕ್ಕಿದ್ರೆ ಉಕ್ಕಲಿ, ಸುಮ್ಮನೆ ಗಾಳಿಗೆ ಹೋಗೋದು ಬೇಡ” ಅನ್ನುತ್ತಿದ್ದ. ಅವನಿಗೇನು, ಒಲೆ ಒರೆಸುವವಳು ನಾನು.

ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಇವರಿಬ್ಬರೇ. ನಾನೂ ಅದೇ ಬಟ್ಟೆಮಿಲ್ಲಿನಲ್ಲಿ ನೂಲು ಸುತ್ತುವ ಕಡೆ ಕೆಲಸಕ್ಕಿದ್ದೆ. ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿ ನಮ್ಮದು ಒಂದೂವರೆ ಕೋಣೆ. ಅರ್ಧ ಕೋಣೆ ನನ್ನದು. ಹಾಸಿಗೆ ಸುತ್ತಿಟ್ಟರೆ ಮಾತ್ರ ಅದರ ಬಾಗಿಲು ತೆರೆಯುತ್ತಿತ್ತು. ಕೆಲಸ ಇರುವತನಕ ಮನೆ, ಕೆಲಸ ಹೋದರೆ ಆ ವಾರವೇ ಮನೆಯೂ ಹೋಗುತ್ತಿತ್ತು. ಬಾಯ್ಲರಿನಲ್ಲಿ ಮೂವತ್ತು ವರ್ಷ ಪೂರೈಸಿದವರು ಮಾತ್ರ ಸಾಯುವತನಕ ಅಲ್ಲೇ ಇರಬಹುದು ಎಂಬ ನಿಯಮವಿತ್ತು. ದೊಡ್ಡಪ್ಪನಿಗೆ ಇನ್ನೆರಡು ವರ್ಷ ಬಾಕಿ. ಬಲಭುಜ ಆಗಲೇ ಸೋತಿತ್ತು. ಸಂಜೆ ಬಂದರೆ ಅವನ ಅಂಗಿಯ ತೋಳನ್ನು ದೊಡ್ಡಮ್ಮ ಹಿಡಿದೆಳೆಯಬೇಕು, ಅವನು ಹಲ್ಲು ಕಚ್ಚಿಕೊಂಡು ಗೋಡೆ ನೋಡಬೇಕು. ಆ ಎರಡು ವರ್ಷವನ್ನು ಹೇಗೆ ದಾಟುವುದು ಎನ್ನುವುದೊಂದೇ ನಮ್ಮ ಮನೆಯ ಚಿಂತೆ.

ಬಾಯ್ಲರಿಗೆ ಎರಡು ಬಾಯಿ. ಒಂದರ ಮುಂದೆ ದೊಡ್ಡಪ್ಪ, ಇನ್ನೊಂದರ ಮುಂದೆ ಕುಳ್ಳ. ಕುಳ್ಳ ಹನ್ನೆರಡು ವರ್ಷದಿಂದ ಅವನ ಜೊತೆಗಾರ. ಎತ್ತರದಲ್ಲಿ ಅವನಿಗಿಂತ ಅವನ ಸಲಿಕೆಯೇ ಒಂದು ಗೇಣು ಹೆಚ್ಚು. ಮಾತು ಕಡಿಮೆ, ದೊಡ್ಡಪ್ಪನನ್ನು ಅಣ್ಣಾ ಎನ್ನುವುದು ಬಿಟ್ಟರೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಒಬ್ಬೊಬ್ಬರು ದಿನಕ್ಕೆ ನಲವತ್ತು ಬುಟ್ಟಿ ಕಲ್ಲಿದ್ದಲು ಹಾಕಬೇಕಿತ್ತು. ಬೆಳಗ್ಗೆ ಬೇಗ ಬಂದು ಬೆಂಕಿ ಎಬ್ಬಿಸುವ ಸರದಿ ಒಂದು ವಾರ ಇವನದು, ಒಂದು ವಾರ ಅವನದು.

ಹೊಸದಾಗಿ ಬಂದ ಇಂಜಿನಿಯರ್ ಒಂದು ದಿನ ಇಬ್ಬರನ್ನೂ ಕರೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದ. ಬಾಯ್ಲರಿನಿಂದ ಹೊರಡುವ ಉಗಿ ಹಸಿ ಉಗಿ, ಅದರಲ್ಲಿ ನೀರಿನ ಹನಿ ಇರುತ್ತದೆ. ಇಂಜಿನ್ನಿನ ಒಳಗೆ ಹೋಗಿ ಕಬ್ಬಿಣದ ಗೋಡೆ ಮುಟ್ಟುತ್ತಲೇ ಅದರಲ್ಲಿ ಒಂದಿಷ್ಟು ಮತ್ತೆ ನೀರಾಗಿ ಬಿಡುತ್ತದೆ. ನೀರಾದ ಉಗಿ ತಳ್ಳುವುದಿಲ್ಲ. ಅದಕ್ಕೆ ಹಾಕಿದ ಕಲ್ಲಿದ್ದಲು ದಂಡ. ಬಾಯ್ಲರಿನ ಹಿಂಭಾಗದಲ್ಲಿ ಬಿಸಿಹೊಗೆ ಹೊರಳುವ ಜಾಗದಲ್ಲಿ ಬಾಗಿದ ಕೊಳವೆಗಳ ಒಂದು ಕಟ್ಟು ಇಟ್ಟು, ಉಗಿಯನ್ನು ಅದರೊಳಗೆ ಹಾಯಿಸಿ ಇನ್ನೊಮ್ಮೆ ಕಾಯಿಸಿದರೆ ಅದು ಒಣಗಿ, ಇನ್ನೂ ಬಿಸಿಯಾಗಿ, ಇಂಜಿನ್ನಿನಲ್ಲಿ ನೀರಾಗದೆ ಕೊನೆಯತನಕ ತಳ್ಳುತ್ತದೆ. ಆ ಕಟ್ಟಿಗೆ ಸೂಪರ್‌ಹೀಟರ್ ಎಂದು ಹೆಸರು.

“ಎಷ್ಟು ಉಳಿಯುತ್ತೆ ಸಾರ್?” ಎಂದು ದೊಡ್ಡಪ್ಪ ಕೇಳಿದನಂತೆ.

“ಕಾಲು ಭಾಗ. ನೂರು ಬುಟ್ಟಿ ಹಾಕೋ ಕಡೆ ಎಪ್ಪತ್ತೈದು.”

ಅವತ್ತು ದೊಡ್ಡಪ್ಪ ಮನೆಗೆ ಬಂದವನು ಅಂಗಿ ತೆಗೆಯುವುದನ್ನೇ ಮರೆತು ಕೂತ. “ನಲವತ್ತು ಇದ್ದಿದ್ದು ಮೂವತ್ತಾಗುತ್ತೆ ಕಣೇ” ಎಂದು ದೊಡ್ಡಮ್ಮನಿಗೆ ಮೂರು ಸಲ ಹೇಳಿದ. “ಮೂವತ್ತಾದ್ರೆ ಎರಡು ವರ್ಷ ಏನು, ನಾಲ್ಕು ವರ್ಷ ಎಳೀತೀನಿ.” ಇಂಜಿನಿಯರ್ ಬರೆದ ಚಿತ್ರವನ್ನು ಊಟದ ತಟ್ಟೆಯಲ್ಲಿ ಬೆರಳಿಂದ ನನಗೂ ಬರೆದು ತೋರಿಸಿದ. ಅವನ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಕೊಳವೆಕಟ್ಟು ಬಂತು, ಕೂರಿಸಿದರು. ಇಂಜಿನಿಯರ್ ಒಂದೇ ಒಂದು ಎಚ್ಚರಿಕೆ ಹೇಳಿದ್ದ. ಬೆಳಗ್ಗೆ ಬೆಂಕಿ ಏರುವಾಗ ಇಂಜಿನ್ ಇನ್ನೂ ಓಡುತ್ತಿರುವುದಿಲ್ಲ, ಹಾಗಾಗಿ ಆ ಕೊಳವೆಗಳಲ್ಲಿ ಉಗಿ ಹರಿಯುವುದಿಲ್ಲ. ಒಳಗೆ ಏನೂ ಹರಿಯದ ಕೊಳವೆ ಬೆಂಕಿಗೆ ಸುಟ್ಟುಹೋಗುತ್ತದೆ. ಆದ್ದರಿಂದ ಇಂಜಿನ್ ಹೊರಡುವತನಕ ಅದರ ತುದಿಯ ಸಣ್ಣ ನಲ್ಲಿಯನ್ನು ತೆರೆದಿಟ್ಟು ಒಂದಿಷ್ಟು ಉಗಿಯನ್ನು ಹೊರಗೆ ಬಿಡುತ್ತಿರಬೇಕು. ಬೇಕೆಂದೇ ಪೋಲು ಮಾಡಬೇಕು. ಇದನ್ನು ಹೇಳಿದ್ದು ಯಾರಿಗೆ? ಉಗಿಜಿಪುಣನಿಗೆ.

ದೊಡ್ಡಪ್ಪ ತನ್ನ ಸರದಿಯ ವಾರವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಹೇಗೋ ಕಳೆದ. ಮುಂದಿನ ವಾರ ಕುಳ್ಳನದು. ಆದರೂ ಅಭ್ಯಾಸಬಲ, ಒಂದು ಬೆಳಗ್ಗೆ ಇವನೂ ಬೇಗ ಹೋದ. ಕುಳ್ಳ ಬುಟ್ಟಿ ತುಂಬಲು ಹೊರಗೆ ಹೋಗಿದ್ದ. ಬಾಯ್ಲರ್ ಮನೆಯ ಮೂಲೆಯಲ್ಲಿ ನಲ್ಲಿಯಿಂದ ಉಗಿ ಬುಸುಗುಡುತ್ತಿತ್ತು. ಅರೆನಿದ್ದೆಯಲ್ಲಿದ್ದ ದೊಡ್ಡಪ್ಪ ನೇರ ಹೋಗಿ ನಲ್ಲಿ ತಿರುಗಿಸಿ ಮುಚ್ಚಿದ. ಇಪ್ಪತ್ತೆಂಟು ವರ್ಷ ಮಾಡಿದ್ದನ್ನೇ ಕೈ ಮಾಡಿತು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ತೂಕಡಿಸಿದ. ಬುಟ್ಟಿ ಹೊತ್ತು ಬಂದ ಕುಳ್ಳ ಬೆಂಕಿಯ ಗದ್ದಲದಲ್ಲಿ ಮೂಲೆಯ ನಲ್ಲಿಯ ಕಡೆ ನೋಡಲಿಲ್ಲ.

ಅರ್ಧ ಗಂಟೆಯಲ್ಲಿ ಹಿಂದುಗಡೆಯಿಂದ ಢಂ ಎಂದು ಸದ್ದಾಯಿತು. ಕೊಳವೆಗಳು ಕೆಂಪಗೆ ಕಾದು, ಜೋತುಬಿದ್ದು, ಎರಡು ಸೀಳಿಕೊಂಡಿದ್ದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಆದರೆ ಮಿಲ್ಲು ಒಂಬತ್ತು ದಿನ ನಿಂತಿತು. ಇಂಜಿನಿಯರ್ ಬಂದು ಮುಚ್ಚಿದ ನಲ್ಲಿಯನ್ನು ನೋಡಿದ.

“ಯಾರು ಮುಚ್ಚಿದ್ದು?”

“ನಾನು ಮುಚ್ಚಲಿಲ್ಲ ಸಾರ್” ಎಂದ ಕುಳ್ಳ. ಅಷ್ಟು ಹೇಳಿ ದೊಡ್ಡಪ್ಪನ ಕಡೆ ನೋಡಿದ. ದೊಡ್ಡಪ್ಪ ನೆಲ ನೋಡಿದ. ಅವತ್ತಿನ ಸರದಿ ಕುಳ್ಳನದು, ಮಿಲ್ಲಿನ ಪುಸ್ತಕದಲ್ಲಿ ತಪ್ಪು ಕುಳ್ಳನ ಹೆಸರಿನಲ್ಲಿ ಬರೆದಾಯಿತು.

ಆ ಸಂಜೆ ದೊಡ್ಡಪ್ಪ ನಮಗೆ ಎಲ್ಲ ಹೇಳಿದ. “ನಾಳೆ ಹೋಗಿ ಒಪ್ಕೋತೀನಿ” ಅಂದ. ದೊಡ್ಡಮ್ಮ ತೋಳು ಎಳೆಯುತ್ತಿದ್ದವಳು ಹಾಗೇ ನಿಂತಳು.

“ಒಪ್ಕೊಂಡು? ಇಪ್ಪತ್ತೆಂಟು ವರ್ಷ ನೀರಲ್ಲಿ ಹೋಮ ಮಾಡ್ತೀರಾ? ಅವನಿಗೆ ವಯಸ್ಸಿದೆ, ಬೈಗುಳ ತಿಂದು ಅರಗಿಸ್ಕೋತಾನೆ. ನಿಮ್ಮನ್ನ ತೆಗೆದ್ರೆ ಈ ಹುಡುಗೀನ ಕರ್ಕೊಂಡು ಎಲ್ಲಿಗೆ ಹೋಗೋಣ, ಹೇಳಿ.”

ನಾಳೆ, ನಾಳಿದ್ದು ಎಂದು ಒಂದು ವಾರ ಹೋಯಿತು. ಕುಳ್ಳನೂ ಏನೂ ಕೇಳಲಿಲ್ಲ. ಬೈಗುಳದ ವಿಷಯ ತಾನೇ, ಹಳತಾಯಿತು ಎಂದುಕೊಂಡೆವು.

ಹೊಸ ಕೊಳವೆ ಬಂತು. ಈ ಸಲ ದೊಡ್ಡಪ್ಪ ನಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಅದರ ಹತ್ತಿರ ಹೋಗುವಾಗಲೆಲ್ಲ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಇಂಜಿನಿಯರ್ ಹೇಳಿದ್ದು ಸುಳ್ಳಾಗಲಿಲ್ಲ. ಎಂಬತ್ತು ಬುಟ್ಟಿಯ ಕಡೆ ಅರವತ್ತೇ ಸಾಕಾಯಿತು. ಒಬ್ಬೊಬ್ಬರಿಗೆ ಮೂವತ್ತು. ದೊಡ್ಡಪ್ಪ ಮೂವತ್ತು ಹಾಕಿದ್ದು ಸರಿಯಾಗಿ ಹನ್ನೊಂದು ದಿನ.

ಹನ್ನೆರಡನೇ ದಿನ ಮೇಲಿನಿಂದ ಅಪ್ಪಣೆ ಬಂತು. ಅರವತ್ತು ಬುಟ್ಟಿಗೆ ಇಬ್ಬರು ಯಾಕೆ, ಒಬ್ಬನೇ ಸಾಕು. ಯಾರನ್ನು ಕಳಿಸುವುದು ಎಂದು ಯೋಚಿಸುವ ಕಷ್ಟವೇ ಇರಲಿಲ್ಲ, ಪುಸ್ತಕದಲ್ಲಿ ಕುಳ್ಳನ ಹೆಸರು ಇತ್ತಲ್ಲ. ಅವನು ಸಲಿಕೆಯನ್ನು ಗೋಡೆಗೆ ಒರಗಿಸಿ, “ಬರ್ತೀನಿ ಅಣ್ಣಾ” ಎಂದು ಹೋದ. ಆ ಶನಿವಾರವೇ ಸಾಲುಮನೆಯಿಂದ ಅವನ ಹೆಂಡತಿ ಪಾತ್ರೆಪಗಡ ಹೊತ್ತು ನಮ್ಮ ಬಾಗಿಲ ಮುಂದೆಯೇ ನಡೆದಳು. ದೊಡ್ಡಮ್ಮ ಒಳಗಿದ್ದಳು. ನಾನೂ ಒಳಗೇ ಇದ್ದೆ.

ಕಲ್ಲಿದ್ದಲು ಉಳಿಯಿತು, ಉಳಿದದ್ದು ದೊಡ್ಡಪ್ಪನ ಭುಜಕ್ಕೆ ಸಿಗಲಿಲ್ಲ. ನಲವತ್ತು ಹಾಕಲಾರದವನು ಈಗ ಅರವತ್ತು ಹಾಕಬೇಕಾಯಿತು. ಈ ಬಾಯಿಗೆ ಹಾಕಿ ಆ ಬಾಯಿಗೆ ಓಡಬೇಕು, ಅಷ್ಟರಲ್ಲಿ ಈ ಬಾಯಿ ಮತ್ತೆ ಕೇಳುತ್ತದೆ. ಮನೆಗೆ ಬಂದರೆ ಮಾತಿಲ್ಲ. ತುತ್ತು ಕೈಯಲ್ಲಿರುವಾಗಲೇ ಕಣ್ಣು ಮುಚ್ಚುತ್ತಿತ್ತು. ಒಲೆಯ ಮೇಲೆ ಪಾತ್ರೆ ಕೊತಕೊತ ಕುದ್ದರೂ ತಲೆ ಎತ್ತಿ ನೋಡುತ್ತಿರಲಿಲ್ಲ. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇಂಜಿನಿಯರ್ ಮೇಲೆ ಸಿಟ್ಟು, ದೊಡ್ಡಮ್ಮನ ಮೇಲೆ ಸಿಟ್ಟು, ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ರಜೆಯ ದಿನ ಪೇಟೆಗೆ ಹೋದ ದೊಡ್ಡಪ್ಪ ಏನೂ ಕೊಳ್ಳದೆ ವಾಪಸು ಬಂದ. ಕುಳ್ಳ ಮರದ ಅಡ್ಡೆಯಲ್ಲಿ ದಿಮ್ಮಿ ಹೊರುತ್ತಿದ್ದನಂತೆ. ದಿಮ್ಮಿಯ ಇನ್ನೊಂದು ತುದಿಯವನು ಎತ್ತರದವನು, ಭಾರವೆಲ್ಲ ಜಾರಿ ಕುಳ್ಳನ ಕಡೆಗೇ ಬರುತ್ತಿತ್ತಂತೆ.

“ಹಾಳೆ ತಗೋ” ಎಂದ ನನಗೆ. “ಬರಿ. ನಲ್ಲಿ ಮುಚ್ಚಿದ್ದು ನಾನು ಅಂತ ಬರಿ. ನನ್ನನ್ನ ತೆಗೆದು ಅವನನ್ನ ಕರೀರಿ ಅಂತ ಬರಿ.”

ನಾನು ದೊಡ್ಡಮ್ಮನ ಮುಖ ನೋಡಿದೆ. ಈ ಸಲ ಅವಳು ಬೇಡ ಅನ್ನಲಿಲ್ಲ. ಅವನ ಅಂಗಿ ತೆಗೆದೂ ತೆಗೆದೂ ಅವಳಿಗೂ ಸಾಕಾಗಿತ್ತು.

ಮರುದಿನ ಕೆಲಸ ಬಿಟ್ಟ ಮೇಲೆ ಅರ್ಜಿ ಹಿಡಿದು ನಾನೂ ದೊಡ್ಡಪ್ಪನೂ ಇಂಜಿನಿಯರ್ ಕೋಣೆಗೆ ಹೋದೆವು. ಅವನು ಓದಿ, ಮಡಚಿ, ದೊಡ್ಡಪ್ಪನ ಕಡೆಗೇ ತಳ್ಳಿದ.

“ಇದು ನನಗೆ ಅವತ್ತೇ ಗೊತ್ತಿತ್ತು ಯಜಮಾನ್ರೇ. ಅವನು ನಲ್ಲಿ ಮುಚ್ಚೋ ಪೈಕಿ ಅಲ್ಲ. ಈ ಮಿಲ್ಲಲ್ಲಿ ಉಗಿ ಹೋಗ್ತಿದ್ರೆ ಎದ್ದು ಬರೋರು ನೀವೊಬ್ಬರೇ.”

“ಗೊತ್ತಿದ್ರೆ ಅವನನ್ನ ಯಾಕೆ ಕಳಿಸಿದ್ರಿ ಸಾರ್?”

“ಒಬ್ಬನೇ ಇರಬೇಕು ಅಂತಾದ ಮೇಲೆ ಉಗಿ ಪೋಲು ಮಾಡೋಕೆ ಮನಸ್ಸು ಬರದವರೇ ಇರಲಿ ಅಂದ್ಕೊಂಡೆ. ಕಳಿಸೋಕೆ ಒಂದು ಕಾರಣ ಬೇಕಿತ್ತು, ನೀವು ಸುಮ್ಮನಿದ್ರಿ, ಕಾರಣ ಸಿಕ್ತು.” ಅವನ ದನಿಯಲ್ಲಿ ಕೊಂಕು ಇರಲಿಲ್ಲ, ಹೊಗಳುವವನ ಹಾಗೆಯೇ ಹೇಳಿದ. “ಬಾಕಿ ಇರೋದನ್ನ ಮುಗಿಸಿ, ಮನೆ ನಿಮ್ಮದಾಗುತ್ತೆ. ಈ ಹಾಳೆ ನಾನು ನೋಡಿಲ್ಲ.”

ಹೊರಗೆ ಬಂದು ದೊಡ್ಡಪ್ಪ ಮನೆಯ ಕಡೆ ತಿರುಗಲಿಲ್ಲ. ಕುಳ್ಳ ಪೇಟೆಯ ಹಿಂದಿನ ಓಣಿಯಲ್ಲಿ, ಯಾರದೋ ಗೋದಾಮಿಗೆ ತಾಗಿದ ತಗಡಿನ ಮಾಡಿನ ಕೆಳಗಿದ್ದ. ಆಗಷ್ಟೇ ಕೆಲಸದಿಂದ ಬಂದು ಕುತ್ತಿಗೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನಮ್ಮನ್ನು ನೋಡಿ ಎದ್ದು ಮಂಚ ಕೊಡವಿದ.

ದೊಡ್ಡಪ್ಪ ನಿಂತೇ ಹೇಳಿದ. “ನಲ್ಲಿ ಮುಚ್ಚಿದ್ದು ನಾನು ಕಣೋ.”

“ಗೊತ್ತು ಅಣ್ಣಾ.”

“ಯಾಕೆ ಹೇಳಲಿಲ್ಲ ನೀನು?”

“ನೀವೇ ಹೇಳ್ತೀರಿ ಅಂತ ಕಾದೆ. ಒಂದು ವಾರ ಕಾದೆ. ಆಮೇಲೆ ಕಾಯೋದು ಬಿಟ್ಟೆ.” ಅವನು ಎಣ್ಣೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. “ಕೂತ್ಕೊಳ್ಳಿ. ಎಷ್ಟು ಹೊತ್ತು ನಿಂತಿರ್ತೀರಿ.”

ದೊಡ್ಡಪ್ಪ ಮಂಚದ ಮೇಲೆ ಕೂತ. ಅರ್ಜಿಯನ್ನು ಜೇಬಿನಿಂದ ತೆಗೆಯಲು ಹೋದ, ಕೈ ಮೇಲೇಳಲಿಲ್ಲ. ಗೋಡೆಗೆ ಒರಗಿದವನು ಹಾಗೇ ನಿದ್ದೆ ಹೋದ. ತಾನು ಯಾರ ಕೆಲಸ ಕಳೆದನೋ ಅವನ ಮಂಚದ ಮೇಲೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯತೊಡಗಿದ. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಎಬ್ಬಿಸಲು ಹೋದೆ.

ಕುಳ್ಳ ಕೈ ಅಡ್ಡ ಹಿಡಿದ. “ಈಗ ದಿನಕ್ಕೆ ಎಷ್ಟು ಹಾಕ್ತಾರೆ?”

“ಅರವತ್ತು.”

ಅವನು ದೊಡ್ಡಪ್ಪನ ಭುಜವನ್ನೇ ತುಸು ಹೊತ್ತು ನೋಡಿದ. “ಎಬ್ಬಿಸಬೇಡ, ಮಲಗಲಿ” ಎಂದ. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ದಾರಿ ಕೇಳುವವನ ಹಾಗೆ ಕೇಳಿದ, “ನಿಂಗೂ ಅವತ್ತೇ ಗೊತ್ತಿತ್ತಾ?”

ಇಷ್ಟು ದಿನ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡು ಓಡಾಡಿದ್ದ ನಾನು, ಗೊತ್ತಿತ್ತು ಎಂದೆ.