ಬಾಗಿಲು ಹಾಕಿತ್ತು

ನಮ್ಮ ಭಾವ ಹನ್ನೊಂದು ವರ್ಷ ಮನೆಮನೆಗೆ ಪಾರ್ಸೆಲ್ ಹಂಚಿದವರು. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ಕಂಪನಿಯ ಫೋನಿನಲ್ಲಿ ‘ಬಾಗಿಲು ಹಾಕಿತ್ತು’ ಎಂಬ ಗುಂಡಿ ಒತ್ತಿದವರಲ್ಲ. ಇದನ್ನು ಅವರು ಹೇಳಿಕೊಳ್ಳುವ ಠೀವಿ ನೋಡಿದರೆ ಯಾವುದೋ ಕೋಟೆ ಗೆದ್ದು ಬಂದಿದ್ದಾರೆ ಅನ್ನಿಸುತ್ತಿತ್ತು. ಯಾರೂ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸುವರು, ಫೋನ್ ಮಾಡುವರು, ಸಂಜೆ ಇನ್ನೊಮ್ಮೆ ಬರುವರು. “ನನ್ನನ್ನ ಮದುವೆ ಮಾಡ್ಕೊಳ್ಳೋಕೂ ಇಷ್ಟು ಸಲ ಓಡಾಡ್ಲಿಲ್ಲ ಇವರು” ಎಂದು ನನ್ನ ಅಕ್ಕ ಹಂಗಿಸುತ್ತಿದ್ದಳು.

ಅವರ ದಾರಿಯಲ್ಲಿ ಲಿಫ್ಟ್ ಇಲ್ಲದ ಒಂದು ಕಟ್ಟಡವಿತ್ತು. ಅದರ ಮೂರನೇ ಮಹಡಿಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು. ಬೆಲ್ ಆದ ಮೇಲೆ ನಾಲ್ಕು ಕಾಲಿನ ಊರುಗೋಲು ಹಿಡಿದುಕೊಂಡು ಅವರು ಬಾಗಿಲಿಗೆ ಬರಲು ನಾಲ್ಕು ನಿಮಿಷ ಬೇಕು. ಭಾವ ಹೊರಗೆ ನಿಂತು, “ನಿಧಾನ ಬನ್ನಿ ಟೀಚರ್, ನಾನೇನು ಓಡಿ ಹೋಗಲ್ಲ” ಅನ್ನುತ್ತಿದ್ದರು. ಓಡಿ ಹೋಗದೆ ನಿಂತದ್ದೇ ಅವರ ಕೆಲಸಕ್ಕೆ ಕುತ್ತಾಯಿತು.

ಏಕೆಂದರೆ ಕಂಪನಿಯ ಲೆಕ್ಕದಲ್ಲಿ ಒಂದು ಬಾಗಿಲಿಗೆ ತೊಂಬತ್ತು ಸೆಕೆಂಡು. ಗೋಡೌನಿನ ಮೇಲ್ವಿಚಾರಕನಿಗೆ ಹುಡುಗರು ಇಟ್ಟ ಹೆಸರು ನಿಮಿಷಪ್ಪ. ಕೂತರೆ ಮೈ ಜಡವಾಗುತ್ತದೆ ಎಂದು ಗೋಡೌನಿನ ಕುರ್ಚಿಗಳನ್ನೆಲ್ಲ ಎತ್ತಿಸಿದವನು ಅವನು; ತಾನು ಮಾತ್ರ ಚಕ್ರದ ಕುರ್ಚಿಯಲ್ಲಿ ಕೂತೇ ಚುರುಕಾಗಿದ್ದ. ಪಾಯಿಖಾನೆಯ ಕೀಲಿ ಅವನ ಮೇಜಿನ ಮೇಲಿರುತ್ತಿತ್ತು. ತೆಗೆದುಕೊಂಡು ಹೋದವರು ಎಷ್ಟು ಹೊತ್ತಿಗೆ ಬಂದರೆಂದು ಪುಸ್ತಕದಲ್ಲಿ ಬರೆಯಬೇಕು. ಸ್ಕೂಟರ್ ಭಾವನದು, ಪೆಟ್ರೋಲ್ ಭಾವನದು, ಮೈಮೇಲಿನ ಜಾಕೆಟ್ಟೂ ದುಡ್ಡು ಕೊಟ್ಟು ತಗೊಂಡದ್ದು. ಆದರೆ ಅವರನ್ನು ಕೆಲಸಗಾರ ಅನ್ನುವ ಹಾಗಿಲ್ಲ, ‘ಪಾಲುದಾರ’ ಅನ್ನಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ. ಲಾಭದಲ್ಲಿ ಪಾಲಿರಲಿಲ್ಲ, ಬೆನ್ನುನೋವು ಮಾತ್ರ ಪೂರ್ತಿ ಅವರದೇ.

ಕಂಪನಿ ಯಾರನ್ನಾದರೂ ಕೆಲಸದಿಂದ ಬಿಡಿಸುವುದಾದರೆ ಅವರ ಮನೆಗೆ ನೀಲಿ ಕವರ್ ಕಳಿಸುತ್ತಿತ್ತು. ಆಸಾಮಿ ಸ್ವಂತ ಕೈಯಿಂದ ಸಹಿ ಹಾಕಿ ತೆಗೆದುಕೊಂಡರೆ ಮಾತ್ರ ಅದು ಜಾರಿ. ಮೊದಲು ಈ ಕವರುಗಳು ಸರ್ಕಾರಿ ಅಂಚೆಯಲ್ಲಿ ಹೋಗುತ್ತಿದ್ದವು. ಆಮೇಲೆ ಮೇಲಿನವರಲ್ಲಿ ಯಾರಿಗೋ ಜ್ಞಾನೋದಯವಾಯಿತು: ನಾವೇ ಊರಿಗೆಲ್ಲ ಪಾರ್ಸೆಲ್ ಹಂಚುವವರು, ನಮ್ಮ ಕಾಗದ ಹಂಚಲು ಬೇರೆಯವರು ಯಾಕೆ? ಅಂದಿನಿಂದ ನೀಲಿ ಕವರುಗಳೂ ಗೋಡೌನಿನ ಯಂತ್ರದ ಬಾಯಿಗೆ ಬಿದ್ದವು. ಯಂತ್ರ ನೋಡುವುದು ಬೀದಿಯನ್ನು, ಹೆಸರನ್ನಲ್ಲ. ನಮ್ಮ ಬೀದಿ ಭಾವನ ದಾರಿಯಲ್ಲೇ ಇತ್ತು. ಹಾಗಾಗಿ ಒಂದು ಸೋಮವಾರ ಭಾವ ಚೀಲ ಬಿಚ್ಚಿದಾಗ ಒಂದು ಮಿಕ್ಸರ್, ಎರಡು ಜೊತೆ ಚಪ್ಪಲಿ, ಒಂದು ಗೋಡೆ ಗಡಿಯಾರದ ಜೊತೆ ತಮ್ಮದೇ ಹೆಸರಿನ ನೀಲಿ ಕವರ್ ಸಿಕ್ಕಿತು.

ಭಾವನ ಮನೆಯ ಎದುರುಗಡೆ ನನ್ನ ಟೈಲರ್ ಅಂಗಡಿ. ಮಧ್ಯಾಹ್ನ ಭಾವ ತಮ್ಮ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ ಬಾಗಿಲನ್ನೇ ನೋಡುತ್ತ ನಿಂತದ್ದು ನನಗೆ ಕಾಣುತ್ತಿತ್ತು. ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದಳು.

“ಇವತ್ತೇನು ಊಟಕ್ಕೆ ಬಂದ್ಬಿಟ್ರಿ?”

“ಊಟಕ್ಕಲ್ಲ. ಪಾರ್ಸೆಲ್ ಕೊಡೋಕೆ ಬಂದೆ. ನೀನು ಸ್ವಲ್ಪ ಆಚೆ ಬಾ, ಬೀಗ ಹಾಕು.”

ಭಾವನಿಗೆ ನಲವತ್ತೊಂಬತ್ತು ವರ್ಷ, ಸೊಂಟ ಹಿಡಿದುಕೊಂಡಿದೆ. ಈ ಕೆಲಸ ಹೋದರೆ ಇನ್ನೊಬ್ಬರು ಕರೆದು ಕೊಡುವುದಿಲ್ಲ. ಇದು ನಮ್ಮ ಮೂವರಿಗೂ ಗೊತ್ತಿತ್ತು. ಕವರ್ ತಲುಪದಿದ್ದರೆ ಕೆಲಸ ಉಳಿಯುತ್ತದೆ, ಗುಂಡಿ ಒತ್ತಿದರೆ ಕವರ್ ತಲುಪುವುದಿಲ್ಲ. ಆದರೆ ಬಾಗಿಲು ತೆರೆದಿರುವಾಗ ‘ಬಾಗಿಲು ಹಾಕಿತ್ತು’ ಎಂದು ಬರೆಯುವುದು ಹೇಗೆ? ಪ್ರಾಣ ಹೋಗುವ ಹೊತ್ತಿನಲ್ಲೂ ಈ ಮನುಷ್ಯನಿಗೆ ಸುಳ್ಳು ಹೇಳಲು ಒಂದು ನಿಜ ಬೇಕಾಗಿತ್ತು. ಅಕ್ಕ ಒಲೆ ಆರಿಸಿ, ಬೀಗ ಜಡಿದು, ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅವಸರಕ್ಕೆ ಅವಳ ಹಸಿರು ಒರೆಸುಬಟ್ಟೆ ಚಿಲಕದ ಮೇಲೇ ಉಳಿಯಿತು. ಭಾವ ಬೆಲ್ ಒತ್ತಿ, ತೊಂಬತ್ತು ಸೆಕೆಂಡು ಕಾದು, ಬೀಗದ ಫೋಟೋ ಹೊಡೆದು, ಗುಂಡಿ ಒತ್ತಿದರು. ಒತ್ತುವಾಗ ಕಣ್ಣು ಮುಚ್ಚಿಕೊಂಡಿದ್ದರು.

ಮಂಗಳವಾರವೂ ಇದೇ ನಾಟಕ, ಬುಧವಾರವೂ ಇದೇ. ಮೂರು ಸಲ ಬಾಗಿಲು ಹಾಕಿದ್ದರೆ ಕವರ್ ಕಳಿಸಿದವರಿಗೇ ವಾಪಸ್. ಹೋಯಿತು. ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ಬೀಗ, ಮತ್ತೆ ವಾಪಸ್. ಅಕ್ಕನಿಗಂತೂ ನೀಲಿ ಕವರ್ ಬಂದ ದಿನ ನನ್ನ ಅಂಗಡಿಯಲ್ಲಿ ಕೂತು ಗುಂಡಿ ಹೊಲಿಯುವುದು ರೂಢಿಯಾಗಿಹೋಯಿತು. ನಾವು ಮೂವರೂ ಕಂಪನಿಗೆ ಟೋಪಿ ಹಾಕಿದೆವೆಂದು ನಗುತ್ತಿದ್ದೆವು.

ಎಡವಟ್ಟಾದದ್ದು ಇಲ್ಲೇ. ಮೊದಲ ಸಲ ಗುಂಡಿ ಒತ್ತಿದ ದಿನವೇ ಭಾವನ ಫೋನಿನಲ್ಲಿ ಒಂದು ನಕ್ಷತ್ರ ಮಿನುಗಿ, ‘ಭೇಷ್! ಇಂದು ನೀವು ಚುರುಕು’ ಎಂಬ ಸಂದೇಶ ಬಂದಿತ್ತು. ಹನ್ನೊಂದು ವರ್ಷದಲ್ಲಿ ಕಂಪನಿ ಅವರನ್ನು ಹೊಗಳಿದ್ದು ಅದೇ ಮೊದಲು. ಕವರಿಗೆ ಕೊನೆಯಿಲ್ಲ, ಕವರ್ ಬರುತ್ತಿರುವುದು ನಿಧಾನಕ್ಕಾಗಿ, ನಿಧಾನಕ್ಕೆ ಮದ್ದು ಈ ಗುಂಡಿ. ಭಾವ ದಡ್ಡರಲ್ಲ. ಮೊದಲು ನಾಯಿ ಇರುವ ಮನೆಗಳಲ್ಲಿ ಒತ್ತಿದರು. ಆಮೇಲೆ ಮೆಟ್ಟಿಲು ಹೆಚ್ಚಿರುವ ಮನೆಗಳಲ್ಲಿ. ಸುಳ್ಳಿಗೆ ಬೇಕಾಗಿದ್ದ ನಿಜ ದಿನಕ್ಕೊಂದು ಸುತ್ತು ಸಣ್ಣದಾಗುತ್ತ ಬಂತು.

ಒಂದು ಸಂಜೆ ಅಂಗಡಿಗೆ ಬಂದು ಕೂತರು.

“ಟೀಚರ್ ಕನ್ನಡಕ ವಾಪಸ್ ಹೋಯ್ತು ಕಣೋ. ಇವತ್ತು ಮೂರನೇ ಸಲ.”

“ಅವರು ಮನೆ ಬಿಟ್ಟು ಎಲ್ಲಿಗೂ ಹೋಗೋದೇ ಇಲ್ವಲ್ಲ ಭಾವ.”

“ಇದ್ರು. ಒಳಗಡೆ ಟಕ್ ಟಕ್ ಅಂತ ಬರ್ತಾನೇ ಇದ್ರು. ನಾನು ಫೋಟೋ ತೆಗೆದು ಇಳಿದ್ಬಂದೆ.”

ನನಗೆ ಸಿಟ್ಟು ಬಂತು. ಬೈಯಬೇಕೆಂದು ಬಾಯಿ ತೆರೆದೆ. ಆದರೆ ಇದೇ ಅಂಗಡಿಯಲ್ಲಿ ಕೂತು ಬೀಗ ಹಾಕಿದ ಕತೆಗೆ ನಕ್ಕವನು ನಾನೇ ಅಲ್ಲವೇ? ಸೂಜಿಗೆ ದಾರ ಪೋಣಿಸತೊಡಗಿದೆ.

ಮೂರು ತಿಂಗಳಲ್ಲಿ ಭಾವ ಗೋಡೌನಿಗೇ ಮೊದಲಿಗರಾದರು. ನಿಮಿಷಪ್ಪ ಕರೆದು, ಚಕ್ರದ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ಬಿಡಿಸುವ ನೋಟಿಸು ರದ್ದಾಗಿದೆ ಎಂದ. ಅದರ ಬದಲು ಒಂದು ವರ್ಷದ ಹೊಸ ಒಪ್ಪಂದ ಬಿಳಿ ಕವರಿನಲ್ಲಿ ಮನೆಗೆ ಬರುತ್ತದೆ, ಮನೆಯವರು ಯಾರಾದರೂ ಸಹಿ ಹಾಕಿ ತೆಗೆದುಕೊಳ್ಳಬೇಕು.

“ಮೂರು ಸಲದಲ್ಲಿ ಸಹಿ ಆಗ್ಲಿಲ್ಲ ಅಂದ್ರೆ ನಿಮಗೇ ಇಷ್ಟ ಇಲ್ಲ ಅಂತ ಅರ್ಥ. ಆಮೇಲೆ ಕಂಪನೀನ ಕೇಳ್ಬೇಡಿ.”

“ಇಲ್ಲೇ ಕೊಟ್ಬಿಡಿ ಸರ್, ಇಲ್ಲೇ ಹಾಕ್ತೀನಿ.”

“ಕೈಯಿಂದ ಕೈಗೆ ಕೊಡೋ ಪದ್ಧತಿ ಇಲ್ಲ. ನಮ್ದು ಪಾರ್ಸೆಲ್ ಕಂಪನಿ.”

ಚುರುಕಿನವರಿಗೆ ದೊಡ್ಡ ದಾರಿ ಎಂದು ಭಾವನನ್ನು ಊರಾಚೆಯ ಬಡಾವಣೆಗೆ ಹಾಕಿದರು. ನಮ್ಮ ಬೀದಿ ಹೊಸಬನೊಬ್ಬನಿಗೆ ಹೋಯಿತು. ಹೊಸಬ ಎಂದರೆ ಕೆಲಸಕ್ಕೆ ಹೊಸಬ ಅಷ್ಟೆ. ಮುಚ್ಚಿಹೋದ ಛಾಪಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ, ತಲೆ ನರೆತ ಮನುಷ್ಯ, ಮೂರು ಹೆಣ್ಣುಮಕ್ಕಳ ತಂದೆ. ಅವನಿಗೆ ವಾರ ಪೂರ್ತಿ ಕೆಲಸ ಕಲಿಸಿದವರು ಭಾವನೇ. ಕಲಿಸುವುದರಲ್ಲೂ ಅವರು ಶಿಸ್ತಿನವರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮೆಟ್ಟಿಲು ಸಡಿಲ, ಯಾವ ಬಾಗಿಲಲ್ಲಿ ಹೊತ್ತು ಹೋಗುತ್ತದೆ, ಎಲ್ಲವನ್ನೂ ಹೇಳಿಕೊಟ್ಟರು. ತಾವು ತೆಗೆದಿದ್ದ, ಬೀದಿಯ ಮುಚ್ಚಿದ ಬಾಗಿಲುಗಳ ಫೋಟೋಗಳನ್ನೆಲ್ಲ ಅವನ ಫೋನಿಗೆ ಹಾಕಿಕೊಟ್ಟರು. “ತೀರಾ ಅವಸರ ಆದಾಗ ಇರ್ಲಿ. ದಿನಾ ಮಾಡ್ಬೇಡಿ” ಎಂದರಂತೆ.

ಬಿಳಿ ಕವರ್ ಹೊರಟಿದೆ ಎಂದು ಭಾವನಿಗೆ ಸಂದೇಶ ಬಂತು. ಮೊದಲ ದಿನ ಅಕ್ಕ ಮನೆಯಲ್ಲೇ ಇದ್ದಳು, ಬೆಲ್ ಆಗಲಿಲ್ಲ. ಸಂಜೆ ನೋಡಿದರೆ ‘ಬಾಗಿಲು ಹಾಕಿತ್ತು’ ಎಂದಿದೆ. ಎರಡನೇ ದಿನ ಅವಳು ಕಸ ಗುಡಿಸಲೂ ಒಳಕೋಣೆಗೆ ಹೋಗಲಿಲ್ಲ. ಮತ್ತದೇ. ಭಾವ ಹೊಸಬನಿಗೆ ಫೋನ್ ಮಾಡಿದರು, ಅವನು ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತಿದರೆ ಒಂದು ನಕ್ಷತ್ರ ಕಡಿತ ಎಂದು ಹೇಳಿಕೊಟ್ಟವರೂ ಭಾವನೇ.

ಮೂರನೇ ದಿನ ರಜೆ ಹಾಕಿದರು. ರಜೆ ಅಂದರೆ ಆ ದಿನದ ಸಂಪಾದನೆಗೆ ಕಲ್ಲು. ಬೆಳಿಗ್ಗೆ ಎಂಟಕ್ಕೇ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಹಿಂದಕ್ಕೆ ಬಾರದಿರಲಿ ಎಂದು ಇಟ್ಟಿಗೆ ಒತ್ತಿಟ್ಟು, ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನೂ ಮಿಷಿನ್ನು ಬಿಟ್ಟು ಅಂಗಡಿಯ ಮುಂದೆ ನಿಂತೆ. ಹಾಲಿನವನು ಬಂದ, ಗ್ಯಾಸಿನವನು ಬಂದ. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಕುರ್ಚಿಗೇ ತಟ್ಟೆ ತಂದು ಕೊಟ್ಟಳು. ಭಾವ ಎಡಗೈಯಲ್ಲಿ ಪೆನ್ನು ಹಿಡಿದೇ ಉಂಡರು.

ಎರಡೂ ಕಾಲಿಗೆ ಫೋನ್ ಟಿಣ್ ಎಂದಿತು. ಭಾವ ನೋಡಿದರು. ನೋಡುತ್ತಲೇ ಇದ್ದರು. ನಾನು ರಸ್ತೆ ದಾಟಿ ಹೋಗಿ ಹೆಗಲ ಮೇಲಿಂದ ಬಗ್ಗಿ ನೋಡಿದೆ.

‘ನಾವು ಬಂದಿದ್ದೆವು. ಬಾಗಿಲು ಹಾಕಿತ್ತು. ಇದು ಮೂರನೇ ಪ್ರಯತ್ನ.’

ಕೆಳಗೆ ಒಂದು ಫೋಟೋ. ನಾವು ನಿಂತಿದ್ದ ಅದೇ ಬಾಗಿಲು, ಅದಕ್ಕೆ ಬೀಗ, ಚಿಲಕದ ಮೇಲೆ ಅಕ್ಕನ ಹಸಿರು ಒರೆಸುಬಟ್ಟೆ.

ಹೊಸಬ ಬೀದಿಗೇ ಬಂದಿರಲಿಲ್ಲ. ಗುರುವಿಗೇ ತಿರುಮಂತ್ರ ಹಾಕಿದ್ದ. ನನ್ನ ಮೈಯೆಲ್ಲ ಉರಿಯಿತು.

“ನಡೀರಿ ಭಾವ, ಗೋಡೌನಿಗೆ ಹೋಗೋಣ. ಬಾಗಿಲು ತೆಗೆದಿತ್ತು ಅಂತ ಹೇಳೋಕೆ ನಾನಿದ್ದೀನಿ.”

“ಏನಂತ ಹೇಳ್ತೀಯಾ? ಫೋಟೋ ನಾನೇ ತೆಗ್ದಿದ್ದು. ಯಾವಾಗ ತೆಗ್ದೆ, ಯಾಕ್ ತೆಗ್ದೆ ಅಂತ ಕೇಳಲ್ವಾ?”

ಅಕ್ಕ ತಟ್ಟೆ ತೆಗೆಯಲು ಬಂದವಳು ಅಲ್ಲೇ ಗೋಡೆಗೊರಗಿ ನಿಂತಳು. ಭಾವ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

“ಆವತ್ತು ಟೀಚರೂ ಅಷ್ಟು ದೂರದಿಂದ ಬಾಗಿಲಿಗೆ ಬಂದಿರ್ತಾರೆ. ತೆಗೆದು ನೋಡಿರ್ತಾರೆ, ಯಾರೂ ಇಲ್ಲ” ಎಂದರು. ಅವರ ಕಣ್ಣು ತುಂಬಿತ್ತು.

ಫೋನ್ ಇನ್ನೊಮ್ಮೆ ಟಿಣ್ ಎಂದಿತು. ‘ನಮ್ಮ ಪಾಲುದಾರರ ಸೇವೆ ಹೇಗಿತ್ತು? ನಕ್ಷತ್ರ ಕೊಡಿ.’ ನಾನು ಒಂದೂ ಕೊಡಬೇಡಿ ಎಂದೆ. ಭಾವ ಬೆರಳಿನಿಂದ ಒಂದೊಂದನ್ನೇ ಒತ್ತುತ್ತ ಐದನ್ನೂ ತುಂಬಿಸಿದರು.

“ನಾಲ್ಕು ಕೊಟ್ರೆ ಅವನ ಮನೆಗೆ ನೀಲಿ ಕವರ್ ಹೋಗುತ್ತೆ. ಅವನಿಗಿನ್ನೂ ತನ್ನ ಮನೆಗೆ ತಾನೇ ಬೀಗ ಹಾಕೋದು ಗೊತ್ತಿಲ್ಲ” ಎಂದು ಹೇಳಿ, ಇಟ್ಟಿಗೆ ಸರಿಸಿ, ಕುರ್ಚಿ ಒಳಗೆ ತೆಗೆದುಕೊಂಡು ಹೋದರು.